ಆರನೆಯ ದಿನದ ಉಡಿ

ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ನನಗೊಂದು ಬಿರುದು ಇತ್ತು: ಅತ್ತೆಯನ್ನು ಮನೆ ಬಿಡಿಸಿದ ಸೊಸೆ. ಬಾವಿಗೆ ಹೋದರೆ ಹಗ್ಗ ಎಳೆಯುವ ಕೈಗಳು ನಿಲ್ಲುತ್ತಿದ್ದವು, ಸಂತೆಗೆ ಹೋದರೆ ಬದನೆಕಾಯಿ ಆರಿಸುತ್ತಿದ್ದವರು ತಲೆ ಎತ್ತಿ ನೋಡುತ್ತಿದ್ದರು. ನಾನು ಅತ್ತೆಯ ಹೊಟ್ಟೆಗೆ ಹಾಕುತ್ತಿರಲಿಲ್ಲವಂತೆ, ಅವರ ಸೊಂಟದ ಕೀಲಿಕೈ ಗೊಂಚಲು ಕಸಿದುಕೊಂಡೆನಂತೆ, ಒಂದು ಮುಂಜಾನೆ ಆ ಮುದುಕಿ ಗಂಟು ಹೊತ್ತುಕೊಂಡು ಅಳುತ್ತ ಧಾರವಾಡದ ರೈಲು ಹತ್ತಿದಳಂತೆ. ಇದರಲ್ಲಿ ನಿಜವಾದದ್ದು ರೈಲು ಒಂದೇ. ಗಂಟು ಹೊತ್ತದ್ದು ನನ್ನ ಗಂಡ. ಅತ್ತೆ ಅಳಲಿಲ್ಲ, ಕಿಟಕಿಯ ಪಕ್ಕ ಜಾಗ ಸಿಕ್ಕಿತೆಂದು ಖುಷಿಯಾಗಿದ್ದರು.

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮೊದಲಿನ ಮಾತು ಇದು. ನನಗಾಗ ಇಪ್ಪತ್ತೇಳು ವರ್ಷ. ನನ್ನ ಗಂಡ ಅರಳೆ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಗುಮಾಸ್ತ. ಮಾವನವರು ತೀರಿಕೊಂಡು ಎರಡು ವರ್ಷವಾಗಿತ್ತು. ಅತ್ತೆಯಾದವಳ ಗಂಡ ಸತ್ತ ಮೇಲೆ ಮನೆಯ ಕೀಲಿಕೈ ಸೊಸೆಯ ಸೊಂಟಕ್ಕೆ ಬರುವುದು ನಮ್ಮಲ್ಲಿ ನಡೆದು ಬಂದ ಪದ್ಧತಿ. ನಾನು ಕೇಳಿರಲಿಲ್ಲ. ಅತ್ತೆಯೇ ಒಂದು ದಿನ ಸೊಂಟದಿಂದ ಬಿಚ್ಚಿ ನನ್ನ ಮುಂದೆ ಇಟ್ಟರು, ನಾನು ಎತ್ತಿಕೊಂಡೆ. ಆ ದಿನದಿಂದ ಅವರಿಗೆ ಪಡಸಾಲೆಯ ಕಂಬದ ಬುಡದಲ್ಲಿ ಒಂದು ಜಾಗವಾಯಿತು, ಒಂದು ಚಾಪೆ, ಒಂದು ತಂಬಿಗೆ ನೀರು.

ಇಲ್ಲಿ ನನ್ನ ತಪ್ಪು ಒಂದಿದೆ. ಓಣಿಯವರು ಹೇಳುವ ತಪ್ಪು ಅದಲ್ಲ. ಒಳ್ಳೆಯ ಸೊಸೆ ಅನ್ನಿಸಿಕೊಳ್ಳುವ ಚಪಲ ನನಗೆ ಬಹಳ. ಅತ್ತೆ ಕಸಬರಿಗೆ ಮುಟ್ಟಿದರೆ ಕಸಿದುಕೊಳ್ಳುತ್ತಿದ್ದೆ, ಬೀಸುವ ಕಲ್ಲಿನ ಹತ್ತಿರ ಹೋದರೆ ಕೈ ಹಿಡಿದು ಎಬ್ಬಿಸುತ್ತಿದ್ದೆ. ನೀವು ಕೂಡ್ರಿ ಅತ್ತ್ಯಾರ, ನೀವು ಕೂಡ್ರಿ. ಬೆಳಗಿನಿಂದ ಸಂಜೆಯ ತನಕ ಇದೇ ಮಾತು. ನಲವತ್ತು ವರ್ಷ ಹತ್ತು ಮಂದಿಯ ಮನೆಯನ್ನು ಕೈಯಲ್ಲಿ ಹಿಡಿದು ನಡೆಸಿದ ಹೆಂಗಸನ್ನು ನಾನು ಬರೀ ಕೂಡಿಸಿ ಕೂಡಿಸಿಯೇ ಅರ್ಧ ಮಾಡಿಬಿಟ್ಟಿದ್ದೆ. ಆಗ ಅದು ನನಗೆ ಸೇವೆ ಅನ್ನಿಸಿತ್ತು.

ಅತ್ತೆಗೆ ಧಾರವಾಡದಲ್ಲಿ ಇಬ್ಬರು ಗೆಳತಿಯರಿದ್ದರು. ಒಬ್ಬರು ಹೆಣ್ಣುಮಕ್ಕಳ ಸಾಲೆಯಲ್ಲಿ ಕಲಿಸಿ ಪಿಂಚಣಿ ಪಡೆದಿದ್ದವರು. ಬ್ರಾಹ್ಮಣರ ಮನೆಯ ಮಗಳು, ಹತ್ತು ವರ್ಷದವರಿದ್ದಾಗಲೇ ಗಂಡನನ್ನು ಕಳೆದುಕೊಂಡವರು. ಎಲ್ಲರೂ ಅವರನ್ನು ಅಕ್ಕೋರು ಅನ್ನುತ್ತಿದ್ದರು. ಇನ್ನೊಬ್ಬಾಕೆ ಟಾಂಗಾ ಹೊಡೆಯುತ್ತಿದ್ದ ಮುಸಲ್ಮಾನನೊಬ್ಬನ ಹೆಂಡತಿ, ಅವನೂ ತೀರಿಹೋಗಿದ್ದ, ಮಕ್ಕಳಿಲ್ಲ. ಹಳೆಯ ಸೀರೆ ಧೋತರದ ಚೂರು ಸೇರಿಸಿ ಕೌದಿ ಹೊಲಿದು ಬದುಕುತ್ತಿದ್ದಳು. ಅತ್ತೆ ಆಕೆಯನ್ನು ಕೌದಿಯಾಕಿ ಅಂತಲೇ ಕರೆಯುತ್ತಿದ್ದರು.

ಮೂರು ಜಾತಿಯ ಮೂವರು ಹೆಂಗಸರು ಎಲ್ಲಿ ಕೂಡಿದರು ಅಂದರೆ, ಪ್ಲೇಗಿನಲ್ಲಿ. ನಾನು ಹುಟ್ಟುವುದಕ್ಕಿಂತ ಮೊದಲು ಆ ಬೇನೆ ಬಂದಾಗ ಊರಿಗೆ ಊರೇ ಬಾಗಿಲು ಹಾಕಿಕೊಂಡು ಹೊಲದಲ್ಲಿ ಗುಡಿಸಲು ಕಟ್ಟಿಕೊಂಡಿತ್ತಂತೆ. ಆಗಿನ್ನೂ ಹರೆಯದವರಾಗಿದ್ದ ಈ ಮೂವರದು ಅಕ್ಕಪಕ್ಕದ ಗುಡಿಸಲು. ಆ ನಾಲ್ಕು ತಿಂಗಳಲ್ಲಿ ಏನೇನು ನಡೆಯಿತೋ, ಅತ್ತೆ ಪೂರ್ತಿ ಎಂದೂ ಹೇಳಲಿಲ್ಲ. ಬೇನೆ ಹೋಯಿತು, ಜಾತಿಗಳು ತಿರುಗಿ ತಮ್ಮ ತಮ್ಮ ಓಣಿಗೆ ಹೋದವು. ಇವರ ಗೆಳೆತನ ಮಾತ್ರ ಹೋಗಲಿಲ್ಲ.

ಆ ಚೈತ್ರದಲ್ಲಿ ಅಕ್ಕೋರಿಗೆ ಜ್ವರವೆಂದು ಸುದ್ದಿ ಬಂತು. ಎಂಟು ದಿನ ನೋಡಿಕೊಂಡು ಬರುತ್ತೇನೆಂದು ಅತ್ತೆ ಹೊರಟರು. ಎಂಟು ದಿನ ಹದಿನೈದಾಯಿತು, ಹದಿನೈದು ಹೋಗಿ ಒಂದು ತಿಂಗಳಾಯಿತು. ಕಡೆಗೆ ಒಂದು ಕಾರ್ಡು ಬಂತು. ಅತ್ತೆಗೆ ಅಕ್ಷರ ಬರುತ್ತಿರಲಿಲ್ಲ, ಅಕ್ಕೋರ ದುಂಡನೆಯ ಬರಹ. ನಾವು ಮೂವರು ಕೂಡಿ ಕೆಲಗೇರಿ ಕೆರೆಯ ಹಾದಿಯಲ್ಲಿ ಒಂದು ಮನೆ ಹಿಡಿದಿದ್ದೇವೆ, ನಾನು ಇನ್ನು ಇಲ್ಲಿಯೇ ಇರುತ್ತೇನೆ, ಆರಾಮ ಇದ್ದೇನೆ, ಮಕ್ಕಳಿಗೆ ಎಣ್ಣೆ ಹಚ್ಚುವುದು ಬಿಡಬೇಡ, ಇಷ್ಟೇ. ನನ್ನ ಗಂಡ ಅದನ್ನು ಮೂರು ಸಲ ಓದಿದರು. ಆಮೇಲೆ ನನ್ನ ಕಡೆ ನೋಡಿ, ನೀನು ಏನಾದರೂ ಅಂದೆಯಾ ಎಂದು ಕೇಳಿದರು. ಓಣಿ ಕೇಳುವ ಮೊದಲೇ ನನ್ನ ಗಂಡನೇ ಆ ಮಾತು ಕೇಳಿದ್ದರು.

ಮುಂದಿನ ಭಾನುವಾರ ಇಬ್ಬರೂ ಧಾರವಾಡಕ್ಕೆ ಹೋದೆವು. ಅದು ಮೊದಲು ನೇಕಾರರೊಬ್ಬರ ಮಗ್ಗದ ಮನೆಯಂತೆ. ಸಾಲಾಗಿ ಮೂರು ಕೋಣೆ, ಮುಂದೆ ಮೂರಕ್ಕೂ ಸೇರಿ ಒಂದು ಉದ್ದನೆಯ ಕಟ್ಟೆ, ಹಿಂದೆ ಒಂದು ಅಡುಗೆಯ ಚಪ್ಪರ. ನಡುವಿನ ಕೋಣೆ ಅತ್ತೆಯದು. ನೆಲದಲ್ಲಿ ಮಗ್ಗದ ಕುಣಿ ಹಾಗೆಯೇ ಇತ್ತು, ಅದರ ಮೇಲೆ ಹಲಗೆ ಹಾಕಿ ಒಳಗೆ ಜೋಳದ ಚೀಲ ಇಳಿಸಿದ್ದರು. ನಾವು ಹೋದಾಗ ಅತ್ತೆ ಸೆರಗು ಬಿಗಿದುಕೊಂಡು ಶಾವಿಗೆ ಮಣೆಯ ಮೇಲೆ ಹಿಟ್ಟು ಎಳೆಯುತ್ತ ಕೂತಿದ್ದರು. ಅವರ ತೋಳು ಅಷ್ಟು ಚುರುಕಾಗಿ ಆಡುವುದನ್ನು ನಾನು ಎರಡು ವರ್ಷದಿಂದ ನೋಡಿರಲಿಲ್ಲ. ನಮ್ಮನ್ನು ನೋಡಿ ಏಳಲಿಲ್ಲ. ಕೈ ಹಿಟ್ಟು ಐತಿ, ಕೂಡ್ರಿ, ಅಂದರು.

ಚಪ್ಪರದಲ್ಲಿ ಮೂರು ಒಲೆ. ಯಾರೂ ಯಾರ ಮಡಿಯನ್ನೂ ಕೆಡಿಸಿರಲಿಲ್ಲ, ಯಾರೂ ಯಾರಿಗೂ ಬುದ್ಧಿ ಹೇಳಿರಲಿಲ್ಲ. ಅಕ್ಕೋರು ಉಳ್ಳಾಗಡ್ಡಿ ಮುಟ್ಟುವವರಲ್ಲ, ಅವರ ಪಾತ್ರೆ ಅವರದು. ಕೌದಿಯಾಕಿ ಶುಕ್ರವಾರ ಮಾಂಸ ಬೇಯಿಸುವುದಿದ್ದರೆ ಹಿತ್ತಲ ಬೇವಿನ ಕೆಳಗೆ ಮೂರು ಕಲ್ಲು ಹೂಡುತ್ತಿದ್ದಳು. ಆ ಹೊತ್ತಿಗೆ ಅಕ್ಕೋರು ತಾವಾಗಿಯೇ ಕೊಡೆ ಹಿಡಿದುಕೊಂಡು ಕೆರೆಯ ಕಡೆ ತಿರುಗಾಡಲು ಹೋಗುತ್ತಿದ್ದರು, ಬಂದವರು ಗೇಟಿನಲ್ಲೇ ನಿಂತು, ಆತೇನ ನಿಂದು, ಎಂದು ಕೂಗುತ್ತಿದ್ದರು. ಜಗಳಕ್ಕೇನೂ ಕಡಿಮೆ ಇರಲಿಲ್ಲ. ನಾವಿದ್ದ ಎರಡು ತಾಸಿನಲ್ಲಿ ನೀರಿನ ಹಂಡೆಯ ಮುಚ್ಚಳದ ವಿಷಯಕ್ಕೆ ಅತ್ತೆಗೂ ಅಕ್ಕೋರಿಗೂ ಮಾತು ಬೆಳೆದು ಇಬ್ಬರೂ ಮುಖ ತಿರುಗಿಸಿ ಕೂತರು. ನನಗೆ ಗಾಬರಿ, ಕೌದಿಯಾಕಿಗೆ ನಗು. ನಮ್ಮ ಮನೆಯಲ್ಲಿ ಅತ್ತೆ ಯಾರ ಜೊತೆಗೂ ಜಗಳ ಆಡಿರಲಿಲ್ಲ. ಆಡಲು ಅವರಿಗೆ ನಾವು ಏನು ಉಳಿಸಿದ್ದೆವು?

ನನ್ನ ಗಂಡ ಬಂದ ಮಾತು ಎತ್ತಿದರು. ನಾನಿರುವಾಗ ತಾಯಿ ಬೇರೆಯವರ ಜೊತೆ ಇದ್ದರೆ ಮಂದಿ ಏನಂದಾರು ಎಂದರು. ಅತ್ತೆ ಶಾವಿಗೆಯನ್ನು ಕೋಲಿನ ಮೇಲೆ ಒಣಹಾಕುತ್ತ ಕೇಳಿಸಿಕೊಂಡರು.

“ಮಂದಿ ನಿನಗ ಅಂತಾರ, ಖರೇ,” ಅಂದರು. “ಆದ್ರ ಇರಾಕಿ ನಾ ಅಲ್ಲೇನ? ತಮ್ಮಾ, ನಿನ್ನ ಮನ್ಯಾಗ ನನಗ ಏನೂ ಕಡಿಮಿ ಇರಲಿಲ್ಲ. ಕೆಲಸನೂ ಇರಲಿಲ್ಲ. ನಾ ಸಾಯೂದನ್ನ ಕಾಯಕೋತ ಕುಂತಿದ್ದೆ. ಇಲ್ಲೆ ನನಗ ಅದಕ್ಕ ಪುರಸೊತ್ತಿಲ್ಲ.”

ಬರಿಗೈಯಲ್ಲಿ ಹಿಂದಿರುಗಿದೆವು. ಓಣಿಯ ಬಾಯಿ ಇನ್ನಷ್ಟು ಅಗಲವಾಯಿತು. ಅದರಲ್ಲೂ ಎದುರು ಮನೆಯಾಕೆ. ನಮ್ಮ ಬಾಗಿಲಿಗೆ ನೇರ ಅವರ ಬಾಗಿಲು, ನಮ್ಮ ಮನೆಯ ಸಾರಿಗೆ ಉಪ್ಪು ಎಷ್ಟು ಬಿತ್ತೆಂದು ಅವರಿಗೆ ಗೊತ್ತಿರುತ್ತಿತ್ತು. ಸಾಬರಾಕಿಯ ಪಕ್ಕದಲ್ಲಿ ಮಲಗುವ ಗತಿ ಬಂತಲ್ಲ ಪಾಪ, ಎಂದು ನನಗೆ ಕೇಳುವಂತೆ ಮರುಗುತ್ತಿದ್ದರು. ನಾನು ಒಳಗೊಳಗೇ ಕುದಿಯುತ್ತಿದ್ದೆ. ಸತ್ಯ ಹೇಳಬೇಕೆಂದರೆ ಆಗ ನನ್ನ ಸಿಟ್ಟು ಎದುರು ಮನೆಯಾಕೆಯ ಮೇಲೆ ಅರ್ಧ, ಅತ್ತೆಯ ಮೇಲೆ ಅರ್ಧ. ಅವರು ಶಾವಿಗೆ ಹೊಸೆದುಕೊಂಡು ಸುಖವಾಗಿದ್ದರು, ಕೆಟ್ಟ ಹೆಸರು ಹೊತ್ತವಳು ನಾನು. ಅತ್ತೆ ತಿರುಗಿ ಬಂದರೆ ಸಾಕು, ನನ್ನ ತಲೆ ನೆಟ್ಟಗಾಗುತ್ತದೆ, ಇದೊಂದೇ ನನ್ನ ತಲೆಯಲ್ಲಿ.

ಶ್ರಾವಣ ಬಂತು. ಪಂಚಮಿ ಹತ್ತಿರವಾಯಿತು. ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಕೊಟ್ಟ ಹೆಣ್ಣುಮಕ್ಕಳನ್ನು ಕರೆಯಲು ತವರಿನಿಂದ ಅಣ್ಣನೋ ತಮ್ಮನೋ ಬರಬೇಕು, ಉಂಡಿ ಕಟ್ಟಿದ ಬುತ್ತಿ, ಹೊಸ ಸೀರೆ ತರಬೇಕು. ಕರೆಯಲು ಬಂದವರ ಜೊತೆ ಹೋದ ಮಗಳು ಐದು ದಿನ ತವರಲ್ಲಿ ಇದ್ದು, ಜೋಕಾಲಿ ಆಡಿ, ಹೊರಡುವ ದಿನ ಸೆರಗಿಗೆ ಅಕ್ಕಿ ಕೊಬ್ಬರಿ ಹಾಕಿಸಿಕೊಂಡು ಉಡಿ ತುಂಬಿಸಿಕೊಂಡು ತನ್ನ ಮನೆಗೆ ತಿರುಗಿ ಹೋಗುತ್ತಾಳೆ. ತಂದೆ ತಾಯಿ ಸತ್ತು, ಅಣ್ಣತಮ್ಮಂದಿರೂ ಹೋದ ಮೇಲೆ ಕರೆಯಲು ಬರುವವರು ಯಾರು? ಅತ್ತೆಯನ್ನು ಕರೆಯಲು ಯಾರೂ ಬರದೆ ಇಪ್ಪತ್ತು ವರ್ಷವಾಗಿತ್ತು.

ಬರಿಗೈಯಲ್ಲಿ ಹೋದದ್ದಕ್ಕೇ ಆಕೆ ಬರಲಿಲ್ಲ, ಹಬ್ಬ ಬಂತು, ಸೀರೆ ಉಂಡಿ ತೆಗೆದುಕೊಂಡು ಮರ್ಯಾದೆಯಿಂದ ಹೋಗು ಎಂದು ಎದುರು ಮನೆಯಾಕೆಯೇ ನನ್ನ ಗಂಡನಿಗೆ ಉಪದೇಶ ಮಾಡಿದರು. ಗಂಡನಿಗೂ ಅದು ಹೌದು ಅನ್ನಿಸಿತು. ಒಂದು ಇಳಕಲ್ಲ ಸೀರೆ ತಂದರು. ನಾನು ಶೇಂಗಾದುಂಡಿ, ಎಳ್ಳುಂಡಿ ಕಟ್ಟಿ ಬುಟ್ಟಿ ತುಂಬಿಸಿಕೊಟ್ಟೆ. ಹಬ್ಬಕ್ಕೆ ಮೂರು ದಿನ ಇರುವಾಗ ಧಾರವಾಡದ ಸ್ಟೇಶನ್ನಿನಿಂದ ಟಾಂಗಾ ಮಾಡಿಕೊಂಡು ಅವರು ಆ ಮಗ್ಗದ ಮನೆಯ ಮುಂದೆ ಇಳಿದರು. ಒಂದು ಕೈಯಲ್ಲಿ ಬುತ್ತಿ, ಬಗಲಲ್ಲಿ ಸೀರೆ.

ಅಲ್ಲಿ ನಡೆದದ್ದು ನನಗೆ ಇಬ್ಬರ ಬಾಯಿಂದಲೂ ಗೊತ್ತು. ಗಂಡ ಹೆಮ್ಮೆಯಿಂದ ಹೇಳಿದರು, ಆಮೇಲೆ ಕೌದಿಯಾಕಿ ಹೊಟ್ಟೆ ಹಿಡಿದುಕೊಂಡು ನಗುತ್ತ ಹೇಳಿದಳು. ಅಕ್ಕೋರು ಕಟ್ಟೆಯ ಮೇಲೆ ಕನ್ನಡಕ ಹಾಕಿಕೊಂಡು ಓದುತ್ತ ಕೂತಿದ್ದರಂತೆ. ಸೀರೆ, ಬುತ್ತಿ, ಟಾಂಗಾ ಮೂರನ್ನೂ ನೋಡಿದರು, ಪುಸ್ತಕ ಮುಚ್ಚಿದರು. ಕಾಲಿಗೆ ನೀರು ಕೊಡಿಸಿ, ಕಂಬಳಿ ಹಾಸಿ ಕೂಡಿಸಿ, ಅಕ್ಕಪಕ್ಕದ ನಾಲ್ಕು ಹೆಂಗಸರನ್ನು ಕೂಗಿ ಕರೆದರು. ಅವರೆಲ್ಲರ ಎದುರಿಗೆ, ತವರಿನವರು ಕರಿಯಾಕ ಬಂದಾರೇನ್ರಿ, ಎಂದು ಕೇಳಿದರು. ನನ್ನ ಗಂಡ ಅದು ತಮಾಷೆ ಅಂದುಕೊಂಡರು. ಈ ಮರ್ಯಾದೆಯಿಂದ ಮನಸ್ಸು ಅರಳಿ, ಹೌದ್ರಿ, ಕರಿಯಾಕ ಬಂದೇನಿ, ಅಂದರು. ಬುತ್ತಿ ಬಿಚ್ಚಿ ಕೇರಿಗೆಲ್ಲ ಉಂಡಿ ಹಂಚಿದರು. ಅತ್ತೆ ಎರಡು ಮಾತಿಲ್ಲದೆ ಹೊಸ ಸೀರೆ ಉಟ್ಟುಕೊಂಡು ಟಾಂಗಾ ಹತ್ತಿದರು.

ಗಂಡಸರಿಗೆ ಪಂಚಮಿಯ ಲೆಕ್ಕ ತಿಳಿಯದು. ಕರೆದುಕೊಂಡು ಬರುವ ತನಕ ಅವರ ಕೆಲಸ, ಆರನೆಯ ದಿನ ಅವರ ಮನೆಯ ಹೆಂಗಸರದು.

ಅತ್ತೆ ಓಣಿಯಲ್ಲಿ ಇಳಿದಾಗ ನನಗೆ ಜೀವ ಬಂದಂತಾಯಿತು. ಎದುರು ಮನೆಯಾಕೆ ಬಾಗಿಲಲ್ಲೇ ನಿಂತಿದ್ದರು, ನಾನು ಬೇಕೆಂತಲೇ ಜೋರು ದನಿಯಲ್ಲಿ, ಬರ್ರಿ ಅತ್ತ್ಯಾರ, ನಿಮ್ಮ ಮನಿಗೆ ಬರ್ರಿ, ಅಂದೆ. ಕಂಬದ ಬುಡದಲ್ಲಿ ಹೊಸ ಚಾಪೆ ಹಾಸಿದ್ದೆ. ಅತ್ತೆ ಅದರ ಮೇಲೆ ಕೂಡಲಿಲ್ಲ. ಚಾಪೆ ಸುತ್ತಿ ಗೋಡೆಗೆ ಆನಿಸಿಟ್ಟು, ಮಕ್ಕಳನ್ನು ಕಂಕುಳಿಗೆ ಹಾಕಿಕೊಂಡು ಇಡೀ ಮನೆ ತಿರುಗಾಡಿದರು. ನಾನು ಕೀಲಿಕೈ ಗೊಂಚಲು ಮುಂದೆ ಹಿಡಿದೆ. ನನಗ್ಯಾಕವಾ ಅದು, ನಾ ನಾಕ ದಿನ ಇರಾಕ ಬಂದಾಕಿ, ಅಂದರು. ಸಂಕೋಚದ ಮಾತು ಅಂದುಕೊಂಡೆ.

ಮರುದಿನ ನಸುಕಿನಲ್ಲಿ ಒಂದು ಸದ್ದಿಗೆ ಎಚ್ಚರವಾಯಿತು. ಟಕ್, ಟಕ್, ಟಕ್. ಅತ್ತೆ ಮಲಗಿದ ಕಡೆಯ ಗೋಡೆಯಿಂದ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ. ಇಲಿ ಇರಬೇಕು ಎಂದು ನನ್ನ ಗಂಡ ಮಗ್ಗುಲು ಬದಲಿಸಿದರು. ಅದರ ಮರುದಿನವೂ ಅಷ್ಟೇ, ಹೊತ್ತು ಹುಟ್ಟುವ ಮೊದಲು ಮೂರು ಸಲ, ಆಮೇಲೆ ಕಾದ ಹಾಗೆ ಒಂದು ಮೌನ.

ಹಬ್ಬದ ದಿನಗಳಲ್ಲಿ ಅತ್ತೆ ನನ್ನನ್ನು ಸುಸ್ತು ಮಾಡಿದರು. ರೊಟ್ಟಿ ಹಬ್ಬದ ದಿನ ಸಜ್ಜೆಯ ರೊಟ್ಟಿ ಬೇಕು, ಅದರ ಜೊತೆ ಎಣಗಾಯಿ ಬೇಕು ಎಂದು ಕೇಳಿ ಮಾಡಿಸಿಕೊಂಡರು. ಮನೆ ಮನೆಗೆ ರೊಟ್ಟಿ ಬೀರಲು ತಾವೇ ಹೋದರು, ಎದುರು ಮನೆಯಲ್ಲಿ ಅರ್ಧ ತಾಸು ಕೂತು ಅವರ ಪಲ್ಯಕ್ಕೆ ಖಾರ ಸಾಲದೆಂದು ಹೇಳಿ ಬಂದರು. ನಾಗಪ್ಪನಿಗೆ ಹಾಲು ಎರೆದರು. ಪಂಚಮಿಯ ದಿನ ಓಣಿಯ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು, ಹೊಸದಾಗಿ ಮದುವೆಯಾದ ಹುಡುಗಿಯರ ಸಾಲು. ಅರವತ್ತು ದಾಟಿದ ನನ್ನ ಅತ್ತೆ ಇಳಕಲ್ಲ ಸೀರೆಯ ನಿರಿಗೆ ಕಾಲ ನಡುವೆ ಸಿಕ್ಕಿಸಿಕೊಂಡು ಹೋಗಿ ಸಾಲಿನಲ್ಲಿ ನಿಂತರು. ಗಂಡ ಇಲ್ಲದವಳು ಜೋಕಾಲಿ ಏರುವುದುಂಟೆ ಎಂದು ಯಾರೋ ಗೊಣಗಿದರು. ತವರಿಗೆ ಬಂದಾಕಿ ಏರಬಾರದೇನ ಎಂದು ಕೇಳಿ, ಉತ್ತರಕ್ಕೆ ಕಾಯದೆ ಹಗ್ಗ ಹಿಡಿದು ನಿಂತೇಬಿಟ್ಟರು. ಅವರ ಜೀಕು ಮರದ ಟೊಂಗೆಯ ಎತ್ತರಕ್ಕೆ ಹೋಯಿತು. ನಾಚಿಕೆಯಿಂದ ನಾನು ತಲೆ ತಗ್ಗಿಸಬೇಕಾಗಿತ್ತು, ನೋಡುತ್ತ ನಿಂತೆ.

ಐದನೆಯ ದಿನ ಸಂಜೆ ಊಟವಾದ ಮೇಲೆ ಅತ್ತೆ ಮಗನಿಗೆ, ನಾಳೆ ಮುಂಜಾನೆಯ ಗಾಡಿಗೆ ಹೊರಡುತ್ತೇನೆ ಎಂದು ತಿಳಿಸಿದರು. ಅವರು ನಕ್ಕರು, ಆಮೇಲೆ ನಗು ನಿಂತಿತು. ಎಲ್ಲಿಗೆ ಎಂದರು. ನೀನೇ ಮಂದಿಯ ಮುಂದೆ ಕರೆಯಲು ಬಂದಿದ್ದೇನೆ ಅಂದೆ, ಅದಕ್ಕೇ ಬಂದೆ, ಕರೆಯಲು ಬಂದವರ ಮನೆ ತವರು, ತವರಿನಲ್ಲಿ ಐದು ದಿನ ಇರಬೇಕು, ಇದ್ದೆ, ಎಂದರು ಅತ್ತೆ. ಮಗನಿಗೆ ಆಗ ಹೊಳೆಯಿತು, ಅಕ್ಕೋರು ನಾಲ್ಕು ಹೆಂಗಸರನ್ನು ಕೂಗಿ ಕರೆದದ್ದು ಸಾಕ್ಷಿಗೆ ಅಂತ.

ನನ್ನ ಗಂಡ ಕೆಟ್ಟವರಲ್ಲ. ಆದರೆ ಆ ಹೊತ್ತು ಅವರಿಗೆ ತಾವು ಮೋಸಹೋದದ್ದು ಬಿಟ್ಟು ಬೇರೇನೂ ಕಾಣಲಿಲ್ಲ. ಅತ್ತೆಯ ಗಂಟನ್ನು ಒಳಗಿನ ಕೋಣೆಯಲ್ಲಿ ಇಟ್ಟು ಕದಕ್ಕೆ ಬೀಗ ಜಡಿದು, ಕೀಲಿಕೈಯನ್ನು ನನ್ನ ಗೊಂಚಲಿಗೆ ಸೇರಿಸಿದರು. ಕೊಡಬೇಡ ಅಂದರು. ನಿನ್ನ ಹೆಸರೂ ಇದರಲ್ಲೇ ಉಳಿಯುತ್ತದೆ, ತಿಳಿದುಕೋ ಅಂದರು. ತಿಳಿದುಕೊಳ್ಳಲು ಏನಿತ್ತು? ಐದು ದಿನದಿಂದ ಬಾವಿಯ ಹತ್ತಿರ ನನ್ನ ಜೊತೆ ಮಂದಿ ನಕ್ಕು ಮಾತಾಡುತ್ತಿದ್ದರು. ಅತ್ತೆ ಹೋದರೆ ನಾಳೆಯಿಂದ ಮತ್ತೆ ಅದೇ ಮೌನ, ಮೊದಲಿಗಿಂತ ಹೆಚ್ಚಿನ ಮೌನ. ಕೀಲಿಕೈ ನನ್ನ ಸೊಂಟದಲ್ಲಿತ್ತು. ನಾನು ಸುಮ್ಮನಿದ್ದರೆ ಸಾಕಿತ್ತು.

ಆರನೆಯ ದಿನದ ನಸುಕಿನಲ್ಲಿ ಮತ್ತೆ ಆ ಸದ್ದು. ಎದ್ದು ಹೋದೆ. ಅತ್ತೆ ಗೋಡೆಯ ಪಕ್ಕ ಕೂತು ಬೆರಳಿನ ಗೆಣ್ಣಿನಿಂದ ತಟ್ಟುತ್ತಿದ್ದರು. ಏನಿದು ಅಂತ ಕೇಳಿದೆ. ಮಗುವಿನಂತೆ ಸಿಕ್ಕಿಬಿದ್ದ ನಗೆ ನಕ್ಕರು. ಆಮೇಲೆ ಹೇಳಿದರು.

“ಪ್ಲೇಗಿನ್ಯಾಗ ಸುರು ಆತಿದು. ಮುಂಜಾನೆ ಎದ್ದ ಕೂಡಲೆ ತಾಟ ಬಡೀಬೇಕು, ಆಚಿ ಗುಡಿಸಲದಾಕಿನೂ ಬಡೀಬೇಕು. ಬಡದ್ರ ಜೀವಂತ ಅದಾಳ ಅಂತ. ಈಗ ಗ್ವಾಡಿ ಬಡೀತೇವಿ. ಎಷ್ಟ ಜಗಳ ಆಡಿರಲಿ, ಮಾತ ಬಿಟ್ಟಿರಲಿ, ಇದನ್ನ ಬಿಡೂದಿಲ್ಲ. ನಾ ಬಡದ್ರ ಎರಡೂ ಕಡೆಯಿಂದ ಉತ್ತರ ಬರತಾವ. ಇಲ್ಲೆ ಐದ ದಿನ ಬಡದೆ. ರೂಢಿ, ಏನ ಮಾಡೂದು.”

ಐದು ದಿನ. ನಾನು ಕೇಳಿಸಿಕೊಂಡಿದ್ದೆ, ಎಚ್ಚರವಾಗಿಯೇ ಇದ್ದೆ, ಇಲಿ ಅನ್ನುವ ಮಾತಿಗೆ ಹೂಂ ಅಂದಿದ್ದೆ. ಎರಡು ವರ್ಷ ಈ ಹೆಂಗಸಿಗೆ ಕೂಡ್ರಿ ಕೂಡ್ರಿ ಅಂದಿದ್ದೆನೇ ಹೊರತು, ಅವರು ಮುಂಜಾನೆ ಎದ್ದರೋ ಇಲ್ಲವೋ ಎಂದು ಚಹಾದ ಹೊತ್ತಿನವರೆಗೆ ನೋಡಿದವಳಲ್ಲ. ಹನ್ನೆರಡು ಮೈಲಿ ಆಚೆ ಇಬ್ಬರು ಮುದುಕಿಯರು ನಡುವಿನ ಕೋಣೆಯ ಗೋಡೆಗೆ ಕಿವಿಗೊಟ್ಟು ಕೂತಿರುತ್ತಾರೆ. ಸೊಸೆ ಅನ್ನಿಸಿಕೊಂಡ ನನಗೆ ಅದರ ಅರ್ಧದಷ್ಟೂ ಆಗಿರಲಿಲ್ಲ. ನಾಚಿಕೆಯಾಯಿತು, ಅದರ ಬೆನ್ನಿಗೇ ಸಿಟ್ಟು ಬಂತು. ಆ ಸಿಟ್ಟು ಒಳ್ಳೆಯದಿತ್ತು, ನನ್ನನ್ನು ಎಬ್ಬಿಸಿ ನಿಲ್ಲಿಸಿತು.

ಸ್ನಾನ ಮಾಡಿ ಬಂದು ಕೋಣೆಯ ಬೀಗ ತೆಗೆದೆ. ಗಂಟು ತಂದು ಹೊಸ್ತಿಲ ಬಳಿ ಇಟ್ಟೆ. ಮೊರದಲ್ಲಿ ಅಕ್ಕಿ ಹಾಕಿದೆ, ಕೊಬ್ಬರಿ ಬಟ್ಟಲು, ಬೆಲ್ಲದಚ್ಚು, ಉತ್ತತ್ತಿ, ಎಲೆ ಅಡಿಕೆ ಇಟ್ಟೆ. ನನ್ನ ಪೆಟ್ಟಿಗೆಯಲ್ಲಿ ನನಗೆಂದು ತೆಗೆದಿಟ್ಟ ಒಂದು ಕುಪ್ಪಸದ ಖಣ ಇತ್ತು, ಅದನ್ನೂ ಇಟ್ಟೆ. ಕಟ್ಟೆಯ ಮೇಲೆ ಕೂತಿದ್ದ ನನ್ನ ಗಂಡ ಎದ್ದು ನಿಂತರು. ಅತ್ತೆಗೆ ಮಣೆ ಹಾಕಿ ಬಾಗಿಲಲ್ಲೇ, ಓಣಿಗೆ ಎದುರಾಗಿ ಕೂಡಿಸಿದೆ. ಒಳಗೆ ಕೂಡಿಸಬಹುದಿತ್ತು. ಕೂಡಿಸಲಿಲ್ಲ. ಸೆರಗು ಒಡ್ಡರಿ ಅಂದೆ.

ಅತ್ತೆ ನನ್ನ ಮುಖ ನೋಡಿದರು. ಗಂಡ ಸತ್ತ ದಿನದಿಂದ ಅವರ ಸೆರಗಿಗೆ ಒಂದು ಕಾಳು ಅಕ್ಕಿ ಯಾರೂ ಹಾಕಿರಲಿಲ್ಲ. ಹಾಕುವುದಿಲ್ಲ, ನಮ್ಮಲ್ಲಿ ಅದು ಇಲ್ಲ. ಆದರೂ ಒಡ್ಡಿದರು.

ಎದುರು ಮನೆಯಾಕೆ ಅಂಗಳ ಸಾರಿಸುವುದನ್ನು ಬಿಟ್ಟು ನಮ್ಮ ಕಟ್ಟೆಯ ತನಕ ಬಂದಿದ್ದರು. ಅವರ ಹಿಂದೆ ಇನ್ನೂ ಮೂರು ನಾಲ್ಕು ಮಂದಿ.

“ಗಂಡ ಇಲ್ಲದಾಕಿಗೆ ಉಡಿ ತುಂಬತಾರೇನವಾ?” ಅಂದರು. “ಎಲ್ಲಿ ಕಂಡಿ ಇದನ್ನ?”

“ತವರಿಂದ ಹೊಂಟ ಮಗಳಿಗೆ ತುಂಬತಾರ್ರಿ,” ಅಂದೆ. ಮೊದಲ ಬೊಗಸೆ ಹಾಕಿದೆ.

“ಅಂದ್ರ ನೀನ ಹೊರಗ ಹಾಕಿದಂಗಾತು. ಮಂದಿ ಅಂದಿದ್ದ ಖರೇ ಆತು.”

ನಾಲ್ಕು ತಿಂಗಳಿಂದ ಈ ಮಾತಿಗೆ ನಾನು ಏನೇನು ಉತ್ತರ ಕಟ್ಟಿಕೊಂಡಿದ್ದೆನೋ. ಹಾಗಲ್ಲ, ನಾನಲ್ಲ, ಅವರೇ ಹೋದದ್ದು, ನಾನು ಕಾಲು ಹಿಡಿದು ಬೇಡಿಕೊಂಡೆ. ಆ ಹೊತ್ತಿಗೆ ಒಂದೂ ಬೇಕಾಗಲಿಲ್ಲ.

“ಹೌದ್ರಿ,” ಅಂದೆ. “ನಾನ ಕಳಸಾಕತ್ತೇನಿ. ಅವರ ಮನಿಗೆ.”

ಪದ್ಧತಿಯಂತೆ ಐದೂ ಬೊಗಸೆ ಹಾಕಿದೆ. ಉಡಿ ತುಂಬಿದ ಹೆಣ್ಣುಮಗಳನ್ನು ಹೊಸ್ತಿಲಲ್ಲಿ ತಡೆಯುವುದು ನಮ್ಮ ಕಡೆ ಇಲ್ಲ, ಎಷ್ಟೇ ಸಿಟ್ಟಿನ ಗಂಡಸಾದರೂ ಅಷ್ಟು ತಿಳಿದಿರುತ್ತದೆ. ನನ್ನ ಗಂಡ ಬಾಗಿ ಗಂಟು ಎತ್ತಿಕೊಂಡರು. ಟಾಂಗಾದಲ್ಲಿ ಅತ್ತೆಯ ಪಕ್ಕ ಕೂತು ಸ್ಟೇಶನ್ನಿಗೂ ಹೋದರು, ರೈಲಿನಲ್ಲಿ ಕಿಟಕಿಯ ಪಕ್ಕ ಜಾಗ ಹಿಡಿದು ಕೊಟ್ಟರಂತೆ.

ಟಾಂಗಾ ಹತ್ತುವ ಮೊದಲು ಅತ್ತೆ ಉಡಿಯ ಗಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನನ್ನ ಹತ್ತಿರ ಬಂದು, ಮುಂದಿನ ಪಂಚಮಿಗೆ ಕರೆಯಲು ಇವನನ್ನು ಕಳಿಸಬೇಡ, ಇವನಿಗೆ ಏನೂ ತಿಳಿಯುವುದಿಲ್ಲ, ನೀನೇ ಬಾ, ಅಂದರು.

ಬಿರುದು ನನ್ನನ್ನು ಬಿಡಲಿಲ್ಲ. ಮೊದಲು ಗುಸುಗುಸು ಇದ್ದದ್ದು ಈಗ ನೇರ ಆಯಿತು, ಬಾಯಿಬಿಟ್ಟು ಒಪ್ಪಿಕೊಂಡಳು ಎಂದು ಮದುವೆ ಮನೆಗಳಲ್ಲಿ ನನ್ನನ್ನು ಬೊಟ್ಟು ಮಾಡಿ ತೋರಿಸುತ್ತಿದ್ದರು. ತೋರಿಸಲಿ. ಬಾವಿಯ ಹತ್ತಿರ ಹಗ್ಗದ ಕೈ ನಿಂತರೆ ನಾನು ಮುಂದೆ ಹೋಗಿ ಮೊದಲು ನೀರು ಸೇದಿಕೊಂಡು ಬರುತ್ತಿದ್ದೆ. ಅದರಲ್ಲಿ ಸಮಯವೂ ಉಳಿಯುತ್ತಿತ್ತು.

ಮರುವರ್ಷ ಶ್ರಾವಣದಲ್ಲಿ ನಾನೇ ಹೋದೆ. ಹೆಂಗಸು ಕರೆಯಲು ಹೋಗುವ ರೂಢಿ ಯಾವ ಊರಿನಲ್ಲೂ ಇರಲಿಲ್ಲ. ಮಕ್ಕಳನ್ನು ಗಂಡನ ಹತ್ತಿರ ಬಿಟ್ಟು, ಬುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಒಬ್ಬಳೇ ರೈಲಿನಲ್ಲಿ ಕೂತೆ, ನವಲೂರು ಸ್ಟೇಶನ್ ದಾಟುವ ತನಕ ಬುತ್ತಿಯ ಮೇಲಿನ ಕೈ ತೆಗೆಯಲಿಲ್ಲ. ಸಣ್ಣ ಜಿಟಿಜಿಟಿ ಮಳೆ. ಟಾಂಗಾ ಮಗ್ಗದ ಮನೆಯ ಮುಂದೆ ನಿಂತಾಗ ಕೌದಿಯಾಕಿ ಕಟ್ಟೆಯ ಮೇಲೆ ಕೌದಿ ಹರವಿಕೊಂಡು ಕೂತಿದ್ದಳು. ಒಳಗಿನಿಂದ ಅಕ್ಕೋರು, ಯಾರು ಬಂದಾರ, ಎಂದು ಕೇಳಿದರು.

ಅತ್ತೆ ಬಾಗಿಲಿಗೆ ಬಂದರು. ಕೈಯಲ್ಲಿ ಹಿಟ್ಟು ಇತ್ತು. ನನ್ನನ್ನು, ನನ್ನ ತೊಡೆಯ ಮೇಲಿನ ಬುತ್ತಿಯನ್ನು ನೋಡಿದರು. ಆಮೇಲೆ ಒಳಗಿನವರಿಗೂ ಕೇರಿಗೂ ಒಟ್ಟಿಗೇ ಕೇಳುವ ಹಾಗೆ ಹೇಳಿದರು.

“ನನ್ನ ತವರಿನವರು ಬಂದಾರ.”